ಮಕ್ಕಳ ಉಬ್ಬಸ: ‘ನಮ್ಮ ವಂಶದಾಗೇ ಐತಿ’ ಅನ್ನುವವರಿಗೆ ಏನು ಹೇಳೋದು?

ಹಳೇಪೇಟೆ_ಮೇಷ್ಟ್ರು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಶಾಲೆ ತೆರೆದ ಮೇಲೆ ನಡೆಯುವ ಪೋಷಕರ ಸಭೆಗೆ ಮಕ್ಕಳ ಉಬ್ಬಸದ ಬಗ್ಗೆ ಎರಡು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾವಾಗಲೂ ಒಂದೇ: ‘ನಮ್ಮ ಮಾವನೋರಿಗೆ ದಮ್ಮು ಐತಿ, ಹುಡುಗಗೂ ಬರ್ತೈತೇನ್ರಿ?’ ಅದಕ್ಕೆ ಉತ್ತರವಾಗಿ ಕರಡಿನಲ್ಲಿ ಈ ನಾಲ್ಕು ವಾಕ್ಯ ಇವೆ:

‘ಆಸ್ತಮಾ ಶೇ. 60ರಷ್ಟು ವಂಶಪಾರಂಪರ್ಯ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೂ ಬರುತ್ತದೆ. ಸೋದರಿಕೆಯಲ್ಲಿ ಮದುವೆಯಾಗುವುದು ಇದಕ್ಕೆ ಮುಖ್ಯ ಕಾರಣ. ಜೀನ್ ಪರೀಕ್ಷೆ ಮಾಡಿಸಿದರೆ ಮೊದಲೇ ಗೊತ್ತಾಗುತ್ತದೆ.’

ತಿಳಿದವರು ದಯವಿಟ್ಟು ತಿದ್ದಿಕೊಡಿ. ಅಚ್ಚಿಗೆ ಹೋದ ಮೇಲೆ ಬದಲಿಸೋಕಾಗಲ್ಲ.

ವರ್ಣತಂತು_17

ಮೇಷ್ಟ್ರೇ, ನಾಲ್ಕೂ ವಾಕ್ಯ ಬದಲಾಗಬೇಕು. ಮೊದಲನೆಯದರಿಂದ ಶುರುಮಾಡೋಣ, ಯಾಕಂದ್ರೆ ಉಳಿದ ತಪ್ಪುಗಳು ಅದರಿಂದಲೇ ಹುಟ್ಟುತ್ತವೆ.

‘ಶೇ. 60’ ಬರುವುದು ಅವಳಿ ಮಕ್ಕಳ ಅಧ್ಯಯನಗಳಿಂದ. ಬೇರೆ ಬೇರೆ ದೇಶಗಳಲ್ಲಿ ಈ ಅಂಕಿ ಶೇ. 35ರಿಂದ 95ರವರೆಗೂ ಬಂದಿದೆ. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಮಕ್ಕಳ ಆಸ್ತಮಾಕ್ಕೆ ಶೇ. 82 ಬಂತು. ಇಷ್ಟು ಏರಿಳಿತ ಇರುವುದು ಯಾರೋ ಲೆಕ್ಕ ತಪ್ಪಿದ್ದಕ್ಕಲ್ಲ. ಈ ಸಂಖ್ಯೆ ಅಳೆಯುವುದು ಒಂದು ಮಗುವಿನ ರೋಗದಲ್ಲಿ ಜೀನಿನ ಪಾಲೆಷ್ಟು ಅನ್ನೋದನ್ನಲ್ಲ. ಒಂದು ಜನಸಮೂಹದಲ್ಲಿ ಕೆಲವರಿಗೆ ರೋಗ ಬಂದು ಕೆಲವರಿಗೆ ಬಾರದೆ ಇರುವ ವ್ಯತ್ಯಾಸದಲ್ಲಿ ಎಷ್ಟು ಭಾಗ ಜೀನಿನ ವ್ಯತ್ಯಾಸಕ್ಕೆ ಹೊಂದಿಕೊಂಡಿದೆ ಅನ್ನೋದನ್ನು ಮಾತ್ರ.

ನಮ್ಮ ಕಡೆಯ ಮಾತಲ್ಲಿ ಹೇಳೋದಾದ್ರೆ: ಒಂದೇ ಹೊಲದಲ್ಲಿ ಹಲವು ತಳಿಯ ಮೆಕ್ಕೆಜೋಳ ಹಾಕಿ ಎಲ್ಲ ಸಾಲಿಗೂ ಒಂದೇ ಸಮ ನೀರು ಗೊಬ್ಬರ ಕೊಟ್ಟರೆ, ತೆನೆಯಲ್ಲಿ ಕಾಣುವ ವ್ಯತ್ಯಾಸವೆಲ್ಲ ಬೀಜದ್ದೇ ಆಗುತ್ತದೆ. ಒಂದೇ ತಳಿಯ ಬೀಜವನ್ನು ಭದ್ರಾ ನಾಲೆಯ ಕೆಳಗೆ ಅರ್ಧ, ಜಗಳೂರಿನ ಒಣ ಹೊಲದಲ್ಲಿ ಅರ್ಧ ಬಿತ್ತಿದರೆ ವ್ಯತ್ಯಾಸವೆಲ್ಲ ನೀರಿನದು. ಬೀಜದ ಪಾಲು ಎಷ್ಟು ಅನ್ನುವ ಉತ್ತರ ಹೊಲವನ್ನು ನೋಡಿ ಬದಲಾಗುತ್ತದೆ. ಸ್ವೀಡನ್ನಿನ ಮನೆಗಳು ಹೆಚ್ಚುಕಡಿಮೆ ಒಂದೇ ತೆರ. ಅಲ್ಲಿಯ ಅಂಕಿಯನ್ನು ತಂದು, ಒಂದು ಮನೆಯಲ್ಲಿ ಸೌದೆ ಒಲೆ, ಪಕ್ಕದ ಮನೆಯಲ್ಲಿ ಗ್ಯಾಸ್ ಇರುವ ನಮ್ಮ ಬೀದಿಗೆ ಅಂಟಿಸೋಕಾಗಲ್ಲ. ಕರಪತ್ರದಲ್ಲಿ ಶೇಕಡಾ ಲೆಕ್ಕವೇ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಓದಿದ ತಾಯಿ ‘ಅರವತ್ತು ಪಾಲು ಹಣೆಬರಹ’ ಅಂತಲೇ ತಿಳಿಯುತ್ತಾಳೆ.

ದುರ್ಗದ_ಮಕ್ಕಳ_ವೈದ್ಯೆ (ಚಿತ್ರದುರ್ಗ)

ಎರಡನೇ ವಾಕ್ಯಕ್ಕೆ ಬರ್ತೀನಿ. 33 ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯೊಂದಿದೆ. ತಾಯಿಗೆ ಆಸ್ತಮಾ ಇದ್ದರೆ ಮಗುವಿಗೆ ಬರುವ ಸಾಧ್ಯತೆಯ ಅನುಪಾತ 3.04, ತಂದೆಗೆ ಇದ್ದರೆ 2.44. ಇದನ್ನು ‘ಮೂರು ಪಟ್ಟು’ ಅಂತ ಬರೆದರೂ ಜನ ಹೆದರುತ್ತಾರೆ, ಆದ್ದರಿಂದ ನೂರು ಮಕ್ಕಳ ಲೆಕ್ಕದಲ್ಲಿ ಹೇಳಿ. ಅರ್ಥವಾಗಲಿ ಅಂತ, ತಂದೆತಾಯಿಗೆ ಇಲ್ಲದ 100 ಮಕ್ಕಳಲ್ಲಿ 10 ಮಂದಿಗೆ ಬರುತ್ತದೆ ಎಂದು ಹಿಡಿಯೋಣ. ಆಗ ತಾಯಿಗೆ ಇರುವ 100 ಮಕ್ಕಳಲ್ಲಿ ಸುಮಾರು 25, ತಂದೆಗೆ ಇರುವ 100ರಲ್ಲಿ ಸುಮಾರು 21. ಅಂದರೆ ತಾಯಿಗೆ ಉಬ್ಬಸ ಇದ್ದರೂ ಮುಕ್ಕಾಲು ಪಾಲು ಮಕ್ಕಳಿಗೆ ಬರೋದಿಲ್ಲ. ‘ಮಗುವಿಗೂ ಬರುತ್ತದೆ’ ಅನ್ನುವ ವಾಕ್ಯ ಇಲ್ಲಿಗೇ ಬಿದ್ದುಹೋಯ್ತು.

ತಾಯಿಯ ಕಡೆ ಹೆಚ್ಚು ಯಾಕೆ ಅಂದರೆ ಜೀನಿನ ಜೊತೆಗೆ ಬಸಿರಿನ ಒಂಬತ್ತು ತಿಂಗಳ ವಾತಾವರಣವೂ ಅವಳದ್ದೇ. ಬಸುರಿಯ ಮನೆಯೊಳಗಿನ ಹೊಗೆ, ಹತೋಟಿಗೆ ಬಾರದ ಉಬ್ಬಸ ಎರಡೂ ಲೆಕ್ಕಕ್ಕೆ ಸೇರುತ್ತವೆ. ಬಸುರಿ ಹೆಣ್ಣುಮಕ್ಕಳು ‘ಮಗೂಗೆ ತೊಂದರೆ ಆಗ್ತದೆ’ ಅಂತ ತಾವೇ ಇನ್‌ಹೇಲರ್ ನಿಲ್ಲಿಸುತ್ತಾರೆ. ಅದು ತಲೆಕೆಳಗಾದ ಎಚ್ಚರಿಕೆ. ಹತೋಟಿ ತಪ್ಪಿದ ಉಬ್ಬಸದಿಂದ ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಕಡಿಮೆಯಾಗುವ ಅಪಾಯ ದೊಡ್ಡದು. ಈ ಸಾಲು ಕರಪತ್ರದಲ್ಲಿ ಇರಲೇಬೇಕು.

ಆಶಾ_ತರಬೇತಿ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಕೆ. ‘ಮಾವನೋರಿಗೆ ದಮ್ಮು’ ಅಂದ ಕೂಡಲೇ ವಂಶದ ಆಸ್ತಮಾ ಅಂತ ಬರೆದುಕೊಳ್ಳಬೇಡಿ. ಐವತ್ತು ದಾಟಿದ ಮೇಲೆ ಶುರುವಾದ ದಮ್ಮು, ಅದರಲ್ಲೂ ಮೂವತ್ತು ವರ್ಷ ಬೀಡಿ ಸೇದಿದವರದ್ದು, ಬಹುತೇಕ ಸಿಒಪಿಡಿ, ಅಂದರೆ ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸಕೋಶ ಕೆಟ್ಟು ಬರುವ ಬೇರೆಯೇ ಕಾಯಿಲೆ. ಅಜ್ಜಿಗೂ ಅಷ್ಟೇ, ಬೀಡಿ ಮುಟ್ಟದಿದ್ದರೂ ಒಲೆ ಊದಿ ಊದಿ ಬಂದಿರುತ್ತದೆ. ಮೊಮ್ಮಗನ ವಂಶ ಲೆಕ್ಕಕ್ಕೆ ಅದು ಸೇರೋದಿಲ್ಲ.

ಇನ್ನೊಂದು ತುದಿಯ ತಪ್ಪೂ ಇದೆ. ‘ನಿಮಗೆ ಆಸ್ತಮಾ ಇದೆಯಾ?’ ಅಂತ ಕೇಳಿದರೆ ನಿಜವಾಗಿ ಇರುವವರೂ ‘ಇಲ್ಲ’ ಅಂತಾರೆ. ಮಗಳ ಮದುವೆ ವಿಚಾರ ಬೇರೆ ಇರ್ತದೆ. ಬದಲಿಗೆ ಹೀಗೆ ಕೇಳಬೇಕು: ಚಿಕ್ಕವರಿದ್ದಾಗ ಮಳೆಗಾಲಕ್ಕೆ ಕೆಮ್ಮು ಹಿಡಿದು ಶಾಲೆ ತಪ್ಪುತ್ತಿತ್ತಾ? ರಾತ್ರಿ ಎದ್ದು ಕೂತು ಉಸಿರಾಡಬೇಕಾಗ್ತಿತ್ತಾ? ಎದೆಯಲ್ಲಿ ಸುಂಯ್ ಸುಂಯ್ ಅಂತಿತ್ತಾ? ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು ಬರ್ತಾವಾ? ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಕೆರೆತದ ಗಾಯ ಇತ್ತಾ? ಈ ಐದು ಪ್ರಶ್ನೆಗೆ ಬರುವ ಉತ್ತರವೇ ಬೇರೆ.

ಬರೆದುಕೊಳ್ಳುವಾಗ ಮೂರು ತಲೆಮಾರು ಹಾಕಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೊಂದರೆ ಇದ್ದವರಿಗೆ ಒಳಗೆ ಕಪ್ಪು, ಸೋದರಿಕೆ ಮದುವೆಗೆ ಎರಡು ಗೆರೆ. ಪಕ್ಕದಲ್ಲಿ ಯಾವ ವಯಸ್ಸಿಗೆ ಶುರುವಾಯ್ತು ಅಂತ ಕಡ್ಡಾಯ ಬರೆಯಿರಿ. ವಯಸ್ಸಿಲ್ಲದ ವಂಶಚಿತ್ರ ಅರ್ಧ ಮಾಹಿತಿ.

ಹಳೇಪೇಟೆ_ಮೇಷ್ಟ್ರು

ತುಂಬಾ ಉಪಕಾರವಾಯ್ತು ಅಕ್ಕಾ, ಐದೂ ಪ್ರಶ್ನೆ ಹಾಗೇ ಹಾಕ್ತೇವೆ. ವರ್ಣತಂತು ಸರ್, ಮೂಲ ಪ್ರಶ್ನೆ ಉಳಿದಿದೆ. ಆಸ್ತಮಾದ ಜೀನ್ ಅಂತ ಒಂದು ಇದೆಯೋ ಇಲ್ಲವೋ? ವಿಜ್ಞಾನ ಓದಿದ ಪೋಷಕರು ಕೇಳಿಯೇ ಕೇಳ್ತಾರೆ.

ವರ್ಣತಂತು_17

ಒಂದು ಇಲ್ಲ. ನಮ್ಮ ಡಿಎನ್ಎಯಲ್ಲಿ ಆಸ್ತಮಾಕ್ಕೆ ನಂಟಿರುವ ನೂರಕ್ಕೂ ಹೆಚ್ಚು ತಾಣಗಳು ಸಿಕ್ಕಿವೆ, ಒಂದೊಂದರ ಪ್ರಭಾವವೂ ಚಿಕ್ಕದು. ಆದರೆ ಮಕ್ಕಳ ಉಬ್ಬಸದಲ್ಲಿ ಒಂದು ತಾಣ ಮಾತ್ರ ಎಲ್ಲಕ್ಕಿಂತ ಎದ್ದು ಕಾಣುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಹೆಸರಾದದ್ದು 2002ರಲ್ಲಿ, 20ನೇ ವರ್ಣತಂತುವಿನ (ಜೀನುಗಳನ್ನು ಹೊತ್ತ ಎಳೆ, ಕ್ರೋಮೋಸೋಮ್) ಎಡಿಎಎಂ33. 460 ಕುಟುಂಬಗಳನ್ನು ಜಾಲಾಡಿ ಹುಡುಕಿದ ಜೀನು. ನಂತರದ ದೊಡ್ಡ ಅಧ್ಯಯನಗಳಲ್ಲಿ ಅದು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. 2007ರಲ್ಲಿ ಇಡೀ ಜೀನೋಮನ್ನು ಒಟ್ಟಿಗೆ ಸೋಸಿದ ಮೊದಲ ಆಸ್ತಮಾ ಅಧ್ಯಯನ ಬಂತು. ಅದು ಬೆರಳು ತೋರಿಸಿದ್ದು 17ನೇ ವರ್ಣತಂತುವಿನ ಉದ್ದ ತೋಳಿನ 21ನೇ ಪಟ್ಟಿಯ ಕಡೆಗೆ. 2010ರಲ್ಲಿ ‘ಗೇಬ್ರಿಯಲ್’ ಎಂಬ ಒಕ್ಕೂಟ 10,365 ರೋಗಿಗಳನ್ನೂ ರೋಗವಿಲ್ಲದ 16,110 ಮಂದಿಯನ್ನೂ ಹೋಲಿಸಿತು. ಆ ತಾಣ ಇನ್ನಷ್ಟು ಖಚಿತವಾಯ್ತು, ಜೊತೆಗೊಂದು ಮುಖ್ಯ ತಿದ್ದುಪಡಿಯೂ ಸಿಕ್ಕಿತು: ಆ ನಂಟು ಇರುವುದು ಬಾಲ್ಯದಲ್ಲಿ ಶುರುವಾಗುವ ಆಸ್ತಮಾಕ್ಕೆ ಮಾತ್ರ, ದೊಡ್ಡವರಾದ ಮೇಲೆ ಬರುವುದಕ್ಕಲ್ಲ. ವಂಶಚಿತ್ರದಲ್ಲಿ ವಯಸ್ಸು ಬರೆಯಿರಿ ಅಂತ ಆಶಾ ತರಬೇತಿಯವರು ಹೇಳಿದ್ದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಆ ತಾಣದಲ್ಲಿ ಅಕ್ಕಪಕ್ಕ ಎರಡು ಮುಖ್ಯ ಜೀನುಗಳಿವೆ. ಓಆರ್‌ಎಂಡಿಎಲ್3 ಜೀವಕೋಶದ ಪೊರೆಗೆ ಬೇಕಾದ ಸ್ಫಿಂಗೋಲಿಪಿಡ್ ಎಂಬ ಕೊಬ್ಬಿನ ತಯಾರಿಗೆ ಕಡಿವಾಣ ಹಾಕುವ ಪ್ರೋಟೀನನ್ನು ಮಾಡುತ್ತದೆ. ಜಿಎಸ್‌ಡಿಎಂಬಿ ಮಾಡುವುದು ಗ್ಯಾಸ್ಡರ್ಮಿನ್-ಬಿ. ಶ್ವಾಸನಾಳದ ಒಳಪದರದ ಕೋಶಗಳಲ್ಲಿ ಇದು ಚುರುಕಾದರೆ ಪೊರೆಗೆ ತೂತು ಬಿದ್ದು ಕೋಶ ಒಡೆದು ಸಾಯುತ್ತದೆ, ಉರಿಯೂತ ಹಬ್ಬುತ್ತದೆ. ಕೆಲವರಲ್ಲಿ ಇರುವ, ಡಿಎನ್ಎಯ ಒಂದು ಅಕ್ಷರದ ಬದಲಾವಣೆಯಿಂದ ಈ ಪ್ರೋಟೀನಿನ ಒಂದು ತುಂಡು ಸೇರ್ಪಡೆಯಾಗದೆ ಅದು ತೂತು ಹಾಕುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಂಥವರಿಗೆ ಆಸ್ತಮಾದ ಅಪಾಯ ಕಡಿಮೆ.

ಈ ತಾಣದಲ್ಲಿ ಅಪಾಯ ಹೆಚ್ಚಿಸುವ ಅಕ್ಷರ ಅಪರೂಪದ್ದೇನಲ್ಲ. ಯುರೋಪಿನ ಜನರಲ್ಲಿ ಸುಮಾರು ಅರ್ಧದಷ್ಟು ವರ್ಣತಂತುಗಳಲ್ಲಿ ಅದಿದೆ. ಅಂದರೆ ನಾಲ್ವರಲ್ಲಿ ಮೂವರ ಮೈಯಲ್ಲಿ ಒಂದು ಪ್ರತಿಯಾದರೂ ಇರುತ್ತದೆ, ಅವರಲ್ಲಿ ಬಹಳಷ್ಟು ಮಂದಿಗೆ ಉಬ್ಬಸವೇ ಇಲ್ಲ. ಇದನ್ನು ‘ರೋಗದ ಜೀನು’ ಅಂತ ಕರೆಯುವುದೇ ತಪ್ಪು.

ಉಳಿದ ಜೀನುಗಳಲ್ಲಿ ಐಎಲ್33, ಅದರ ಗ್ರಾಹಕವಾದ ಐಎಲ್1ಆರ್‌ಎಲ್1, ಟಿಎಸ್‌ಎಲ್‌ಪಿ ಈ ಮೂರನ್ನು ನೆನಪಿಟ್ಟರೆ ಸಾಕು. ಶ್ವಾಸನಾಳದ ಒಳಪದರಕ್ಕೆ ಪೆಟ್ಟು ಬಿದ್ದಾಗ ಕೂಗಿ ರೋಗನಿರೋಧಕ ಕೋಶಗಳನ್ನು ಕರೆಯುವ ಸಂಕೇತಗಳು ಇವು. ಪಟ್ಟಿಯನ್ನು ಹೀಗೆ ಓದಿದಾಗ ಒಂದು ಮಾತು ಸ್ಪಷ್ಟವಾಗ್ತದೆ: ಮಕ್ಕಳ ಉಬ್ಬಸದ ಜೀನುಗಳಲ್ಲಿ ಹೆಚ್ಚಿನವು ಹೊರಗಿನ ಗಾಳಿ ಮೈಯನ್ನು ಮುಟ್ಟುವ ಗಡಿಯಲ್ಲೇ ಕೆಲಸ ಮಾಡುತ್ತವೆ. ಹಾಗಾಗಿ ಹೊರಗೆ ಏನಿದೆ ಅನ್ನೋದನ್ನು ಬಿಟ್ಟು ಜೀನಿನ ಮಾತು ಆಡೋಕೆ ಬರೋದಿಲ್ಲ.

ದುರ್ಗದ_ಮಕ್ಕಳ_ವೈದ್ಯೆ

ಆ ಕೊನೆಯ ಮಾತಿಗೆ ಎರಡು ಉದಾಹರಣೆ. 2013ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಮತ್ತು ಡೆನ್ಮಾರ್ಕಿನ ಮಕ್ಕಳ ಎರಡು ಗುಂಪುಗಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನ ಪ್ರಕಟವಾಯ್ತು. 17ನೇ ವರ್ಣತಂತುವಿನ ಅಪಾಯದ ಅಕ್ಷರಕ್ಕೂ ಆಸ್ತಮಾಕ್ಕೂ ನಂಟು ಕಂಡದ್ದು ಎಳವೆಯಲ್ಲಿ ರೈನೋವೈರಸ್ ನೆಗಡಿಯಿಂದ ಉಬ್ಬಸ ಬಂದ ಮಕ್ಕಳಲ್ಲಿ ಮಾತ್ರ. ರೈನೋವೈರಸ್ ಅಂದರೆ ಮಾಮೂಲಿ ನೆಗಡಿಯ ವೈರಸ್.

ಇನ್ನೊಂದು ಸಿಡಿಎಚ್‌ಆರ್3, 7ನೇ ವರ್ಣತಂತುವಿನದು. 2014ರಲ್ಲಿ, ಪದೇ ಪದೇ ಆಸ್ಪತ್ರೆ ಸೇರುವಷ್ಟು ಜೋರಾಗಿ ಉಬ್ಬಸ ಬರುವ ಚಿಕ್ಕ ಮಕ್ಕಳಲ್ಲಿ ಇದು ಸಿಕ್ಕಿತು. ಪ್ರೋಟೀನಿನ 529ನೇ ಸ್ಥಾನದಲ್ಲಿ ಸಿಸ್ಟೀನ್ ಬದಲು ಟೈರೋಸಿನ್ ಬಂದರೆ ಆ ಪ್ರೋಟೀನು ಕೋಶದ ಮೇಲ್ಮೈಯಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಮರುವರ್ಷ ಗೊತ್ತಾದದ್ದೇನೆಂದರೆ, ರೈನೋವೈರಸ್-ಸಿ ಕೋಶದೊಳಗೆ ನುಗ್ಗಲು ಹಿಡಿಯುವ ಹಿಡಿಕೆಯೇ ಅದು. ಅಂದರೆ ಬಾಗಿಲು ಅಗಲವಾಗಿದೆ, ಆದರೆ ಕಳ್ಳ ಬಂದರೆ ಮಾತ್ರ ನಷ್ಟ.

ಶಾಲೆ ತೆರೆಯುವುದು, ಮುಂಗಾರು ಶುರುವಾಗುವುದು, ತರಗತಿಯಲ್ಲಿ ನೆಗಡಿ ಹರಡುವುದು ನಮ್ಮಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಈಗಾಗಲೇ ಉಬ್ಬಸ ಗೊತ್ತಾಗಿರುವ ಮಗು ಬೇಸಿಗೆ ರಜೆಯಲ್ಲಿ ‘ಚೆನ್ನಾಗೈತೆ’ ಅಂತ ಬಿಟ್ಟ ತಡೆ ಔಷಧಿಯನ್ನು, ಅಂದರೆ ಸ್ಟೀರಾಯ್ಡ್ ಇನ್‌ಹೇಲರನ್ನು, ವೈದ್ಯರನ್ನು ಕೇಳಿ ಶಾಲೆ ತೆರೆಯುವ ಎರಡು ವಾರ ಮೊದಲೇ ಮತ್ತೆ ಸರಿಯಾಗಿ ಹಿಡಿಯಬೇಕು. ಮೃಗಶಿರ ಮಳೆ ಕೂಡುವ ದಿನ ಉಬ್ಬಸಕ್ಕೆ ಔಷಧಿ ನುಂಗಿಸಲು ದೂರದ ಊರಿಗೆ ಕರೆದೊಯ್ಯುವವರಿಗೂ ಇದನ್ನೇ ಹೇಳಿ: ಹೋಗುವುದಾದರೆ ಹೋಗಲಿ, ಪಂಪ್ (ಇನ್ಹೇಲರ್) ಮಾತ್ರ ನಿಲ್ಲಿಸಬಾರದು, ಪ್ರಯಾಣದಲ್ಲಿ ಚೀಲದಲ್ಲೇ ಇರಲಿ.

ಶಾಂತಿಸಾಗರ_ಕೃಷಿ (ಚನ್ನಗಿರಿ)

ಸರ್, ಹಳ್ಳಿಯಲ್ಲಿ ದನದ ಕೊಟ್ಟಿಗೆ ಇರುವ ಮನೆ ಮಕ್ಕಳಿಗೆ ಆಸ್ತಮಾ ಬರಲ್ಲ ಅಂತ ಓದುತ್ತೇವೆ. ಮೆಕ್ಕೆಜೋಳ ಒಕ್ಕಣೆ ಕಾಲದಲ್ಲಿ ಅದೇ ಮಕ್ಕಳು ಕೆಮ್ಮಿ ಕೆಮ್ಮಿ ಸುಸ್ತಾಗುವುದೂ ಇದೆ. ಎರಡರಲ್ಲಿ ಯಾವುದು ಸರಿ?

ವರ್ಣತಂತು_17

ಎರಡೂ ಸರಿ, ಅಣ್ಣಾ. ಇದು ಈ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ ಭಾಗ.

ಯುರೋಪಿನ ಹಳ್ಳಿ ಮಕ್ಕಳನ್ನು ಹುಟ್ಟಿನಿಂದ ನೋಡಿದ ‘ಪಾಶ್ಚರ್’ ಅಧ್ಯಯನದಲ್ಲಿ 2016ರಲ್ಲಿ ಕಂಡದ್ದು ಇದು: 17ನೇ ವರ್ಣತಂತುವಿನ ಅಪಾಯದ ಅಕ್ಷರ ಹೊತ್ತ ಮಕ್ಕಳೇ ಕೊಟ್ಟಿಗೆಯ ಸಂಪರ್ಕದಿಂದ ಹೆಚ್ಚು ರಕ್ಷಣೆ ಪಡೆದವರು. ವೈರಸ್ ಬಂದಾಗ ಹೆಚ್ಚು ನರಳುವ ಅದೇ ಅಕ್ಷರ, ಕೊಟ್ಟಿಗೆಯ ಸೂಕ್ಷ್ಮಜೀವಿಗಳ ನಡುವೆ ಹೆಚ್ಚು ಲಾಭ ಪಡೆಯಿತು. ಇದನ್ನು ‘ಕೆಟ್ಟ ಜೀನು’ ಅನ್ನೋದಕ್ಕಿಂತ ‘ಸುತ್ತಲಿನದಕ್ಕೆ ಬೇಗ ಸ್ಪಂದಿಸುವ ಜೀನು’ ಅನ್ನೋದು ಸರಿ.

ಅದೇ ವರ್ಷ ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಬೇಸಾಯಗಾರ ಸಮುದಾಯಗಳ ಹೋಲಿಕೆಯೂ ಬಂತು. ಇಬ್ಬರೂ ಯುರೋಪಿನಿಂದ ವಲಸೆ ಬಂದವರು, ವಂಶವಾಹಿಯಲ್ಲಿ ಬಹಳ ಹತ್ತಿರ. ಆಮಿಶ್ ಮಕ್ಕಳಲ್ಲಿ ಆಸ್ತಮಾ ಶೇ. 5.2, ಹಟರೈಟ್ ಮಕ್ಕಳಲ್ಲಿ ಶೇ. 21.3. ಆಮಿಶರದ್ದು ಮನೆಗೆ ಹೊಂದಿಕೊಂಡ ಕೊಟ್ಟಿಗೆ, ಕುದುರೆ ಬೇಸಾಯ. ಹಟರೈಟರದ್ದು ಮನೆಯಿಂದ ದೂರದಲ್ಲಿ ಯಂತ್ರಗಳ ಬೇಸಾಯ. ಆಮಿಶ್ ಮನೆಯ ದೂಳಿನಲ್ಲಿ ಬ್ಯಾಕ್ಟೀರಿಯಾದ ಹೊರಪೊರೆಯ ಚೂರಾದ ಎಂಡೋಟಾಕ್ಸಿನ್ 6.8 ಪಟ್ಟು ಹೆಚ್ಚಿತ್ತು.

ಆದರೆ ಇದನ್ನು ಹಾಗೇ ತಂದು ನಮ್ಮ ಹಟ್ಟಿಗೆ ಹೊಂದಿಸಬೇಡಿ. ರಕ್ಷಣೆ ಕೆಲಸ ಮಾಡುವುದು ಬಸಿರಿನಲ್ಲಿ ಮತ್ತು ಮೊದಲ ವರ್ಷದಲ್ಲಿ, ರೋಗ ನೆಲೆಯೂರುವ ಮೊದಲು. ಎಂಟು ವರ್ಷದ ಉಬ್ಬಸದ ಹುಡುಗನನ್ನು ಕೊಟ್ಟಿಗೆಗೆ ಕಳಿಸಿದರೆ ಕೆರಳುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಇನ್ನು ನಮ್ಮ ಕೊಟ್ಟಿಗೆಯಲ್ಲಿ ಸೊಳ್ಳೆ ಓಡಿಸಲು ಬೇವಿನ ಸೊಪ್ಪು, ಬೆರಣಿ ಹಾಕಿ ಹೊಗೆ ಎಬ್ಬಿಸುತ್ತಾರೆ. ಆ ಹೊಗೆ ಕೊಟ್ಟಿಗೆಯ ಲಾಭವನ್ನು ತಿಂದುಹಾಕುತ್ತದೆ. ಹಸಿ ಹಾಲನ್ನಂತೂ ಯಾರೂ ಔಷಧಿ ಎಂದು ಕುಡಿಸಬಾರದು, ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಜ್ವರ ಬರಬಹುದು. ಒಕ್ಕಣೆಯ ದೂಳಿನಲ್ಲಿ ಬೂಸ್ಟಿನ ಕಣವೂ ರವದಿಯ ಚೂರೂ ಸೇರಿರುತ್ತವೆ. ಕಣ ಮಾಡುವ ದಿನ ಉಬ್ಬಸದ ಮಗು ದೂಳು ಮೈಮೇಲೆ ಬರದ ಹಾಗೆ, ಗಾಳಿ ಬೀಸಿಬರುವ ಕಡೆಗೆ ಇರಬೇಕು, ಇಲ್ಲವೇ ಮನೆಯೊಳಗೆ.

ಆಶಾ_ತರಬೇತಿ

ಹೊಗೆಯ ಮಾತು ಬಂತಲ್ಲ, ಅಲ್ಲೇ ನಿಲ್ಲೋಣ. ಜೀನನ್ನು ಬದಲಿಸೋಕಾಗಲ್ಲ, ಇದನ್ನು ಬದಲಿಸಬಹುದು. 2008ರಲ್ಲಿ ಫ್ರಾನ್ಸಿನ 372 ಕುಟುಂಬಗಳ ಅಧ್ಯಯನ ತೋರಿಸಿದ್ದೂ ಇದನ್ನೇ: 17ನೇ ವರ್ಣತಂತುವಿನ ಅಪಾಯ ನಾಲ್ಕು ವರ್ಷದೊಳಗೆ ಶುರುವಾಗುವ ಉಬ್ಬಸಕ್ಕೆ ಸಂಬಂಧಿಸಿದ್ದು, ಎಳೆ ವಯಸ್ಸಿನಲ್ಲಿ ತಂಬಾಕಿನ ಹೊಗೆ ಕುಡಿದ ಮಕ್ಕಳಲ್ಲಿ ಆ ಅಪಾಯ ಇನ್ನೂ ಮೇಲೇರಿತು.

ಮನೆಗೆ ಹೋಗಿ ‘ಹೊಗೆ ಇದೆಯಾ?’ ಅಂದರೆ ‘ಗ್ಯಾಸ್ ಐತ್ರೀ’ ಅಂತಾರೆ. ನೇರ ಬಚ್ಚಲಿಗೆ ಹೋಗಿ ನೋಡಬೇಕು. ಅಡುಗೆಗೆ ಗ್ಯಾಸ್, ನೀರು ಕಾಯಿಸಲು ಹಂಡೆ ಒಲೆ. ಅದಕ್ಕೆ ಹಾಕುವುದು ಜೋಳದ ಬೆಂಡು, ಹತ್ತಿ ಕಟ್ಟಿಗೆ, ಅಡಿಕೆ ಸಿಪ್ಪೆ, ಹೊತ್ತಿಸಲು ಪ್ಲಾಸ್ಟಿಕ್ ಹಾಳೆ. ಹೊತ್ತಿಸುವ ಸಮಯ ಬೆಳಗಿನ ಆರು, ಉಬ್ಬಸದ ಮಗುವಿನ ಎದೆ ಬಿಗಿದಿರುವ ಹೊತ್ತೂ ಅದೇ. ಒಲೆಯನ್ನು ಮನೆಯ ಗೋಡೆಯಿಂದ ಹೊರಗೆ ಹಾಕುವುದು ಮೊದಲ ಕೆಲಸ. ಆಗದಿದ್ದರೆ ಬಚ್ಚಲಿನಿಂದ ಮನೆಯೊಳಕ್ಕಿರುವ ಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆಗೆದು, ಒಣಗಿದ ಸೌದೆ ಮಾತ್ರ ಹಾಕಬೇಕು. ಹಸಿ ಸೌದೆ ಹೆಚ್ಚು ಹೊಗೆ ಎಬ್ಬಿಸುತ್ತದೆ.

ಕೂಸಿಗೆ ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ನಿಲ್ಲಿಸಿ ಅಂದರೆ ಅಜ್ಜಿಯರು ಒಪ್ಪುವುದು ಕಷ್ಟ. ‘ತಲೆ ಒಣಗಲು ಬಿಸಿ ಬಟ್ಟೆ ಸಾಕು ಅಜ್ಜಿ, ವಂಶದಾಗೆ ದಮ್ಮು ಐತಿ ಅಂತ ನೀವೇ ಅಂದ್ರಲ್ಲ, ಈ ಕೂಸಿನ ಎದಿ ಅದಕ್ಕೇ ಸೂಕ್ಷ್ಮ’ ಅಂತ ಹೇಳಿದರೆ ಒಪ್ಪುತ್ತಾರೆ. ವಂಶದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಸೊಳ್ಳೆ ಬತ್ತಿ ಬದಲು ಪರದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಹತ್ತಿರದ ಮನೆಗಳಲ್ಲಿ ಭಟ್ಟಿ ಉರಿಯುವ ಹೊತ್ತಿಗೆ ಆ ದಿಕ್ಕಿನ ಕಿಟಕಿ ಮುಚ್ಚಿ, ಆರಿದ ಮೇಲೆ ಎಲ್ಲ ಕಿಟಕಿ ತೆಗೆಯಿರಿ.

ಚಳ್ಳಕೆರೆ ಕಡೆ ಕಂಬಳಿ. ಕಂಬಳಿಯನ್ನು ವಾರಕ್ಕೊಮ್ಮೆ ಸುಡುಬಿಸಿಲಿಗೆ ಹಾಕಿ, ಮಗು ಶಾಲೆಯಲ್ಲಿದ್ದಾಗ ಹೊರಗೆ ಕೊಡವಿ. ಮಗುವಿನ ಮೈಗೆ ತಾಗುವ ಕಡೆ ಹತ್ತಿ ಬಟ್ಟೆಯ ಗವಸು ಹೊಲಿಯಿರಿ. ದೂಳುಹುಳ ಸಾಯಲು ಬಟ್ಟೆಯನ್ನು 55ರಿಂದ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು, ತಣ್ಣೀರಿಗೆ ಅದು ಸಾಯುವುದಿಲ್ಲ.

ಹಳೇಪೇಟೆ_ಮೇಷ್ಟ್ರು

ಮೂರನೇ ವಾಕ್ಯ, ಸೋದರಿಕೆ? ಅಕ್ಕನ ಮಗಳನ್ನು, ಮಾವನ ಮಗಳನ್ನು ತಂದುಕೊಂಡವರು ನಮ್ಮ ಪೋಷಕರಲ್ಲಿ ಬಹಳ. ಅವರನ್ನು ನೋಯಿಸದ ಹಾಗೆ ಬರೆಯಬೇಕು.

ವರ್ಣತಂತು_17

ಆಸ್ತಮಾಕ್ಕೆ ‘ಮುಖ್ಯ ಕಾರಣ’ ಅನ್ನೋದನ್ನು ತೆಗೆದುಹಾಕಿ. ಸೋದರಿಕೆಯಿಂದ ಹೆಚ್ಚುವುದು ಒಂದೇ ಜೀನಿನ ಎರಡೂ ಪ್ರತಿ ಕೆಟ್ಟಾಗ ಬರುವ ಕಾಯಿಲೆಗಳು. ಅಕ್ಕನ ಮಗಳನ್ನು ಮದುವೆಯಾದವರ ಮಗುವಿನಲ್ಲಿ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಿಕನಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು, ಮಾವನ ಅಥವಾ ಅತ್ತೆಯ ಮಗಳಾದರೆ ಹದಿನಾರರಲ್ಲಿ ಒಂದು. ಆಸ್ತಮಾ ಹಾಗೆ ಬರುವ ಕಾಯಿಲೆ ಅಲ್ಲ, ನೂರಾರು ಚಿಕ್ಕ ವ್ಯತ್ಯಾಸಗಳ ಒಟ್ಟು ಮೊತ್ತ.

ದುರ್ಗದ_ಮಕ್ಕಳ_ವೈದ್ಯೆ

ಆದರೆ ವಾಕ್ಯವನ್ನು ಪೂರ್ತಿ ಅಳಿಸಬೇಡಿ, ತಿರುಗಿಸಿ ಬರೆಯಿರಿ. ಸೋದರಿಕೆ ಮದುವೆಯ ಮಗು ‘ಆಸ್ತಮಾ’ ಅಂತ ಬಂದಾಗ ಅದು ಆಸ್ತಮಾ ಹೌದೋ ಅಂತ ಇನ್ನೊಮ್ಮೆ ನೋಡಬೇಕು. ಉಬ್ಬಸದ ವೇಷ ಹಾಕಿ ಬರುವ ಎರಡು ಮೂರು ಕಾಯಿಲೆ ಆ ಬಗೆಯವೇ.

ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಮೈಯೊಳಗಿನ ಸ್ರಾವಗಳು ಅಂಟಂಟಾಗುವ ಕಾಯಿಲೆ: ಕೆಮ್ಮಿನ ಜೊತೆ ತೂಕ ಏರದಿರುವುದು, ಎಣ್ಣೆಯಂತೆ ಜಿಡ್ಡಾದ ನಾರುವ ಮಲ, ಮುತ್ತಿಟ್ಟರೆ ಉಪ್ಪುಪ್ಪಾದ ಹಣೆ. ಬೆವರಿನ ಪರೀಕ್ಷೆಯಲ್ಲಿ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚು ಬಂದರೆ ಕಾಯಿಲೆ ಇದೆ ಅಂತ, 30ರಿಂದ 59 ಅನುಮಾನದ ವಲಯ. ಪರೀಕ್ಷೆ ಕೆಡುವುದು ಸಾಕಷ್ಟು ಬೆವರು ಸಿಗದಾಗ. ಅರ್ಧ ಗಂಟೆಯಲ್ಲಿ ಸುರುಳಿ ನಳಿಕೆಗೆ 15 ಮೈಕ್ರೋಲೀಟರಾದರೂ ಬರಬೇಕು, ಇಲ್ಲವಾದರೆ ಆ ಫಲಿತಾಂಶವನ್ನು ನಂಬದೆ ಮತ್ತೆ ಮಾಡಿಸಬೇಕು. ಈ ಕಾಯಿಲೆಯ ಜೀನಿನಲ್ಲಿ, ಯುರೋಪಿನಲ್ಲಿ ಹೆಚ್ಚಾಗಿರುವ ಎಫ್508ಡೆಲ್ ಎಂಬ ಬದಲಾವಣೆ ನಮ್ಮ ರೋಗಿಗಳಲ್ಲಿ ಅಷ್ಟು ಪ್ರಮಾಣದಲ್ಲಿ ಇಲ್ಲ. ಅದೊಂದನ್ನೇ ಹುಡುಕುವ ಅಗ್ಗದ ಜೀನ್ ಪರೀಕ್ಷೆಯಲ್ಲಿ ‘ಇಲ್ಲ’ ಬಂದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ.

ಇನ್ನೊಂದು ಶ್ವಾಸನಾಳದ ರೋಮಗಳು ಬೀಸದ ಕಾಯಿಲೆ. ತಿಂಗಳು ತುಂಬಿ ಹುಟ್ಟಿದರೂ ಮೊದಲ ದಿನವೇ ಉಸಿರಿಗೆ ತೊಂದರೆ, ಹುಟ್ಟಿದಾಗಿನಿಂದ ಒಂದು ದಿನವೂ ಬಿಡದ ಕಫದ ಕೆಮ್ಮು, ಸೋರುವ ಕಿವಿ, ಕೆಲವರಲ್ಲಿ ಹೃದಯ ಬಲಗಡೆ. ಆಸ್ತಮಾದ ಕೆಮ್ಮು ಬಂದು ಹೋಗುತ್ತದೆ, ಇದು ಹೋಗುವುದೇ ಇಲ್ಲ. ಇಂಥ ಮಕ್ಕಳಿಗೆ ಜೀನ್ ಪರೀಕ್ಷೆ ನಿಜವಾಗಿ ಬೇಕು, ಮುಂದಿನ ಬಸಿರಿಗೂ ಉಪಯೋಗ.

ಜೀನಿಗೆ ಸಂಬಂಧವಿಲ್ಲದ ಒಂದನ್ನೂ ಇಲ್ಲೇ ಹೇಳಿಬಿಡ್ತೀನಿ, ಶೇಂಗಾ ಬೆಳೆಯುವ ಸೀಮೆ ನಮ್ಮದು. ನಾಲ್ಕು ವರ್ಷದೊಳಗಿನ ಮಗು ಆಡುತ್ತಿದ್ದಾಗ ಇದ್ದಕ್ಕಿದ್ದಂತೆ ಕೆಮ್ಮಿ, ಆಮೇಲೆ ಒಂದೇ ಪಕ್ಕದಲ್ಲಿ ಸುಂಯ್ ಸದ್ದು ಬಂದರೆ ಅದು ಶ್ವಾಸನಾಳದಲ್ಲಿ ಸಿಕ್ಕಿದ ಶೇಂಗಾ ಬೀಜ ಇರಬಹುದು. ಎಕ್ಸ್‌-ರೇಯಲ್ಲಿ ಬೀಜ ಕಾಣುವುದಿಲ್ಲ. ಶ್ವಾಸನಾಳದೊಳಗೆ ದುರ್ಬೀನು ಹಾಕಿಯೇ ತೆಗೆಯಬೇಕು, ತಿಂಗಳುಗಟ್ಟಲೆ ಪಂಪ್ ಹೊಡೆದರೆ ಹೋಗುವುದಿಲ್ಲ.

ಬೆಣ್ಣೆನಗರಿ_ಅಮ್ಮ

ಮೇಡಂ, ಆನ್‌ಲೈನಿನಲ್ಲಿ ಉಗುಳು ಕಳಿಸಿದರೆ ಮಗುವಿನ ಆಸ್ತಮಾ ಅಪಾಯ ಹೇಳ್ತೀವಿ ಅಂತ ಜಾಹೀರಾತು ಬರ್ತಿವೆ. ಮಾಡಿಸಬೇಕಾ?

ವರ್ಣತಂತು_17

ಬೇಡ ಅಮ್ಮಾ. ನೂರಾರು ಅಕ್ಷರಗಳಿಗೆ ಅಂಕ ಕೊಟ್ಟು ಕೂಡಿಸಿ ಹೇಳುವ ಆ ಅಂಕಪಟ್ಟಿಗಳನ್ನು ತಯಾರಿಸಿದ್ದು ಬಹುಪಾಲು ಯುರೋಪ್ ಮೂಲದ ಜನರ ಮಾಹಿತಿಯಿಂದ. ರೋಗಕ್ಕೆ ಕಾರಣವಾದ ಅಕ್ಷರ ಯಾವುದೆಂದು ನೇರ ಗೊತ್ತಿಲ್ಲದೆ ಅದರ ನೆರೆಯ ಗುರುತನ್ನು ಓದುತ್ತಾರೆ. ಯಾವ ಗುರುತು ಯಾವುದರ ಜೊತೆ ಸಾಗುತ್ತದೆ ಅನ್ನೋದು ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ. ಜಾತಿ ಉಪಜಾತಿಯೊಳಗೇ ನೂರಾರು ವರ್ಷ ಮದುವೆಯಾದ ನಮ್ಮಲ್ಲಿ ಒಂದು ಊರಿನ ಎರಡು ಕೇರಿಗಳ ನಡುವೆಯೂ ವ್ಯತ್ಯಾಸ ಇರಬಹುದು. ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಪೂರ್ಣ ಜೀನೋಮ್ ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದ್ದಾರೆ. ಅದು ಅಡಿಪಾಯ. ಅದರ ಮೇಲೆ ನಮ್ಮ ಮಕ್ಕಳ ಉಬ್ಬಸದ ಅಧ್ಯಯನ ಕಟ್ಟಬೇಕು.

ಹೆಚ್ಚು ಖರ್ಚಿಲ್ಲದ ಅಳತೆ 2000ನೇ ಇಸವಿಯಿಂದ ಇದೆ. ಮೊದಲ ಮೂರು ವರ್ಷದಲ್ಲಿ ಪದೇ ಪದೇ ಉಬ್ಬಸ ಬಂದ ಮಗುವಿಗೆ ಎರಡು ದೊಡ್ಡ ಗುರುತುಗಳಲ್ಲಿ ಒಂದು, ಅಂದರೆ ತಂದೆ ಅಥವಾ ತಾಯಿಗೆ ಆಸ್ತಮಾ, ಇಲ್ಲವೇ ಮಗುವಿಗೆ ಎಕ್ಸಿಮಾ ಎಂಬ ಚರ್ಮದ ಕೆರೆತ ಇರಬೇಕು. ಅಥವಾ ಮೂರು ಚಿಕ್ಕ ಗುರುತುಗಳಲ್ಲಿ ಎರಡು: ನೆಗಡಿ ಇಲ್ಲದಾಗಲೂ ಉಬ್ಬಸ, ಅಲರ್ಜಿಯ ಸೀನು, ರಕ್ತದಲ್ಲಿ ಇಯೊಸಿನೋಫಿಲ್ ಎಂಬ ಬಗೆಯ ಬಿಳಿ ರಕ್ತಕಣ ಶೇ. 4 ಅಥವಾ ಹೆಚ್ಚು. ಹೀಗಿದ್ದರೆ ಶಾಲೆಗೆ ಹೋಗುವ ವಯಸ್ಸಿನಲ್ಲೂ ಉಬ್ಬಸ ಉಳಿಯುವ ಸಾಧ್ಯತೆ ಹೆಚ್ಚು. ಇಯೊಸಿನೋಫಿಲ್ ನೋಡುವ ಮೊದಲು ಜಂತುಹುಳದ ಔಷಧಿ ಕೊಟ್ಟಿದೆಯೇ ಕೇಳಿ, ಹುಳ ಇದ್ದರೂ ಅದು ಏರುತ್ತದೆ.

ಚರ್ಮದ ಮಾತು ಬಂದದ್ದಕ್ಕೆ: ಫಿಲಾಗ್ರಿನ್ ಎಂಬ ಜೀನು ಕೆಟ್ಟರೆ ಚರ್ಮದ ಗೋಡೆ ಸಡಿಲವಾಗಿ ಎಕ್ಸಿಮಾ, ಆ ದಾರಿಯಿಂದ ಉಬ್ಬಸ ಬರುವುದು 2006ರಿಂದ ಗೊತ್ತು. ಹಾಗಂತ ಹುಟ್ಟಿದ ಕೂಸಿಗೆಲ್ಲ ಕ್ರೀಮ್ ಬಳಿದು ಎಕ್ಸಿಮಾ ತಡೆಯುವ ದೊಡ್ಡ ಪ್ರಯೋಗಗಳು 2020ರಲ್ಲಿ ಫಲ ಕೊಡಲಿಲ್ಲ. ಒಣಗಿದ ಚರ್ಮಕ್ಕೆ ಹಚ್ಚಿ, ಆಸ್ತಮಾ ತಡೆಯುತ್ತೆ ಅಂತ ಹಚ್ಚಬೇಡಿ.

ಔಷಧ_ಅಂಗಡಿ (ಚಳ್ಳಕೆರೆ)

‘ಈ ಪಂಪ್ ನಮ್ಮ ಜೀನಿಗೆ ಆಗಿಬರಲ್ಲ’ ಅನ್ನುವವರಿಗೂ ಒಂದು ಸಾಲು ಇರಲಿ. ಬಿಗಿದ ಶ್ವಾಸನಾಳವನ್ನು ತಕ್ಷಣ ಸಡಿಲಿಸುವ ಔಷಧಿ ಸಾಲ್ಬುಟಮಾಲ್. ಅದು ಅಂಟುವ ಗ್ರಾಹಕದ ಜೀನು ಎಡಿಆರ್‌ಬಿ2. ಅದರ 16ನೇ ಸ್ಥಾನದ ವ್ಯತ್ಯಾಸದ ಬಗ್ಗೆ ಬಹಳ ಚರ್ಚೆ ಆಯ್ತು. ಸ್ಟೀರಾಯ್ಡ್ ಜೊತೆ ಸೇರಿಸಿ ಕೊಟ್ಟಾಗ ಆ ಗುಂಪಿನ ದೀರ್ಘಾವಧಿ ಔಷಧಿ ಎರಡೂ ಬಗೆಯವರಿಗೆ ಕೆಲಸ ಮಾಡುತ್ತದೆ ಅಂತ 2009ರ ಪ್ರಯೋಗ ತೋರಿಸಿತು. ಪಂಪ್ ‘ಆಗಿಬರದ’ ಬಹುತೇಕರಲ್ಲಿ ತಪ್ಪು ಇರೋದು ಜೀನಿನಲ್ಲಲ್ಲ, ಕೈಯಲ್ಲಿ. ಖಾಲಿ ಡಬ್ಬಿ ಹೊಡೆಯುತ್ತಿರುತ್ತಾರೆ. 200 ಡೋಸಿನ ಡಬ್ಬಿಯನ್ನು ಬೆಳಗ್ಗೆ 2, ಸಂಜೆ 2 ಹೊಡೆದರೆ 50 ದಿನಕ್ಕೆ ಮುಗಿಯುತ್ತದೆ. ಶುರು ಮಾಡಿದ ದಿನ, ಮುಗಿಯುವ ದಿನ ಎರಡನ್ನೂ ಡಬ್ಬಿ ಮೇಲೆ ಬರೆಯಿರಿ. ನೀರಿನಲ್ಲಿ ತೇಲಿಸಿ ನೋಡುವುದು ಸುಳ್ಳು ಪರೀಕ್ಷೆ. ಅಲ್ಲಾಡಿಸಿದರೆ ಸದ್ದು ಬರುತ್ತದೆ ಅನ್ನೋದೂ ಅಷ್ಟೇ, ಔಷಧಿ ಮುಗಿದ ಮೇಲೂ ಗಾಳಿ ತಳ್ಳುವ ದ್ರವ ಉಳಿದಿರುತ್ತದೆ.

ಬೆಣ್ಣೆನಗರಿ_ಅಮ್ಮ

ಅಣ್ಣಾ, ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಕೊಳ್ಳಲು ಆಗದವರು ನೀರಿನ ಬಾಟಲಿಯಲ್ಲಿ ಮಾಡಿಕೊಳ್ಳಬಹುದು ಅಂತಾರಲ್ಲ, ನಿಜವೇ?

ಆಶಾ_ತರಬೇತಿ

ನಿಜ. 500 ಮಿಲಿಲೀಟರ್ ಬಾಟಲಿಯ ಸ್ಪೇಸರ್ ಅಂಗಡಿಯದ್ದರಷ್ಟೇ ಕೆಲಸ ಮಾಡುತ್ತದೆ ಅಂತ 1999ರಲ್ಲೇ ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ನೋಡಿದ್ದಾರೆ. ತಂತಿಯನ್ನು ಪಂಪಿನ ಬಾಯಿಯ ಆಕಾರಕ್ಕೆ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳದ ನಡುವೆ ಒತ್ತಿ ತೂತು ಮಾಡಿ. ಇದನ್ನು ದೊಡ್ಡವರು ಬಯಲಿನಲ್ಲಿ ಮಾಡಬೇಕು. ಪ್ಲಾಸ್ಟಿಕ್ ಬಿಸಿ ಇರುವಾಗಲೇ ಪಂಪಿನ ಬಾಯಿ ತೂರಿಸಿ ನೋಡಿ, ಬಿಗಿಯಾಗಿ ಕೂರಬೇಕು. ಸಂದಿ ಇದ್ದರೆ ಅಂಟು ಹಾಕಿ ಒಂದು ದಿನ ಒಣಗಿಸಿ. ಮಗು ಬಾಯಿ ಇಡುವುದು ಬಾಟಲಿಯ ಕತ್ತಿಗೆ. ನಾಲ್ಕು ವರ್ಷದೊಳಗಿನವರಿಗೆ ಮುಖವಾಡ ಬೇಕು.

ಬಳಸುವ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಬಾಯಿ ತಾಗುವ ಕಡೆ ಮಾತ್ರ ತೊಳೆದು, ತಾನಾಗಿ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಏರಿ ಔಷಧಿಯೆಲ್ಲ ಗೋಡೆಗೆ ಅಂಟಿಕೊಳ್ಳುತ್ತದೆ. ಅತಿ ಸಾಮಾನ್ಯವಾದ, ಅತಿ ಕಡಿಮೆ ಗೊತ್ತಿರುವ ತಪ್ಪು ಇದು. ಪಂಪ್ ಅಲ್ಲಾಡಿಸಿ, ಒಂದೇ ಒಂದು ಸಲ ಒತ್ತಿ, ತಕ್ಷಣ ಐದಾರು ಮಾಮೂಲಿ ಉಸಿರು. ಅರ್ಧ ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ ಎರಡನೆಯದು. ಎರಡು ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಡಿಕ್ಕಿಯಾಗಿ ದಪ್ಪಗಾಗಿ ಗೋಡೆ ಸೇರುತ್ತವೆ. ಸ್ಟೀರಾಯ್ಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ.

ಹಳೇಪೇಟೆ_ಮೇಷ್ಟ್ರು

ಕೊನೆಯದೊಂದು. ತರಗತಿಯಲ್ಲೇ ಮಗುವಿಗೆ ಉಬ್ಬಸ ಎದ್ದರೆ?

ದುರ್ಗದ_ಮಕ್ಕಳ_ವೈದ್ಯೆ

ಮಗುವನ್ನು ಮಲಗಿಸಬೇಡಿ, ಕೂರಿಸಿ. ಆ ಮಗುವಿನ ವೈದ್ಯರು ಬರೆದುಕೊಟ್ಟ ಚೀಟಿಯ ಪ್ರಕಾರವೇ ನಡೆಯಿರಿ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಸಾಮಾನ್ಯ ಕ್ರಮ: 100 ಮೈಕ್ರೋಗ್ರಾಂನ ಸಾಲ್ಬುಟಮಾಲ್ ಪಂಪಿನಿಂದ ಸ್ಪೇಸರ್ ಮೂಲಕ ಒಂದೊಂದಾಗಿ 2 ಸಲ, ಬೇಕಾದರೆ 20 ನಿಮಿಷ ಬಿಟ್ಟು ಮತ್ತೆ, ಹೀಗೆ ಇನ್ನೆರಡು ಬಾರಿ. ಪಕ್ಕೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಮಂಕಾದರೆ ಕಾಯದೆ 108ಕ್ಕೆ ಕರೆ ಮಾಡಿ, ದಾರಿಯಲ್ಲೂ ಪಂಪ್ ಕೊಡುತ್ತಲೇ ಇರಿ. ಸುಂಯ್ ಸದ್ದು ನಿಂತಿತು ಅಂತ ಸಮಾಧಾನ ಪಡಬೇಡಿ. ಎದೆ ಪೂರ್ತಿ ಬಿಗಿದು ಗಾಳಿಯೇ ಆಡದಿದ್ದಾಗಲೂ ಸದ್ದು ನಿಲ್ಲುತ್ತದೆ.

ಪಂಪ್ ಮತ್ತು ಬಾಟಲಿಯನ್ನು ಮಗುವಿನ ಹೆಸರು ಬರೆದು ತರಗತಿಯ ಮೇಜಿನ ಮೇಲಿಡಿ. ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಡಬೇಡಿ, ಬೀಗದ ಕೈ ಇದ್ದವರು ಅವತ್ತೇ ರಜೆಯಲ್ಲಿರಬಹುದು.